ಏಳು ಮಂದಿ, ಮೂರು ಕ್ಯಾಬಿನ್, ಒಂದು ಹಡಗು

ಮಂಗಳೂರಿನವರು ಕ್ರೂಸ್ ಹಡಗನ್ನು ನೋಡದವರಲ್ಲ, ಹತ್ತಿ ಗೊತ್ತಿಲ್ಲ ಅಷ್ಟೆ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿಗಳ ಹಡಗುಗಳು ಬಂದುಹೋಗುತ್ತವೆ. ಬೆಳಗ್ಗೆ ಬಂದವು ಸಂಜೆಗೆ ಹೊರಟುಬಿಡುತ್ತವೆ. ನಡುವಿನ ಹೊತ್ತಿನಲ್ಲಿ ಅವರಿಗೆ ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಲ್ಲವೂ ಆಗಬೇಕು. ಒಮ್ಮೆ ಆ ಬಸದಿಯ ಮೆಟ್ಟಿಲಲ್ಲಿ ಬಿಳಿಕೂದಲಿನ ಅಜ್ಜಿಯೊಬ್ಬರು ಕುಳಿತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಗೈಡ್ ಎರಡು ಸಲ ಬಂದು ವಾಚು ತೋರಿಸಿ ಹೋದ. ಅಜ್ಜಿ ಮಾತ್ರ ಒಂದೊಂದೇ ಪಟ್ಟಿ ಬಿಗಿದುಕೊಳ್ಳುತ್ತ ಕಂಬಗಳನ್ನೇ ನೋಡುತ್ತಿದ್ದರು. ಹಡಗಿನಲ್ಲಿ ಬಂದವರ ಪಾಲಿಗೆ ನಮ್ಮ ಮಂಗಳೂರು ಎಂಟು ಗಂಟೆಯ ಊರು ಎಂದು ನನಗೆ ಹೊಳೆದದ್ದು ಆಗ.

ಕೆಲ ವರ್ಷಗಳ ನಂತರ ನಮ್ಮ ಮನೆಯಿಂದಲೇ ಏಳು ಮಂದಿ ಹಡಗು ಹತ್ತುವ ಮಾತು ಬಂದಾಗ ಆ ಅಜ್ಜಿ ನೆನಪಾದರು. ಅಪ್ಪನಿಗೆ 76, ಅಮ್ಮನಿಗೆ 71 ಮತ್ತು ಮೊಣಕಾಲು ನೋವು. ಅಣ್ಣ, ಅತ್ತಿಗೆ, ಅವರ ಹದಿನಾಲ್ಕರ ಮಗಳು, ಎಂಟರ ಮಗ. ಜತೆಗೆ ನಾನು, ಯೋಜನೆಯ ಹೊರೆಯೂ ನನ್ನದೇ. ನಾಲ್ಕು ತಿಂಗಳು ತಲೆಕೆಡಿಸಿಕೊಂಡು ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರನ್ನು ಕೂರಿಸಿಕೊಂಡು ಯೋಜನೆ ಹಾಕಿ. ಚುರುಕಿನವರು ಹೇಗೂ ತಮ್ಮ ದಾರಿ ನೋಡಿಕೊಳ್ಳುತ್ತಾರೆ.

ವಯಸ್ಸಾದವರಿರುವ ಕುಟುಂಬಕ್ಕೆ ಕ್ರೂಸ್ ಹೊಂದುವುದಕ್ಕೆ ಒಂದೇ ದೊಡ್ಡ ಕಾರಣ: ಗಂಟುಮೂಟೆ ಬಿಚ್ಚುವುದು ಒಂದೇ ಸಲ. ಬಸ್ಸಿನ ಪ್ಯಾಕೇಜ್ ಟೂರಿನಲ್ಲಿ ದಿನಾ ಬೆಳಗ್ಗೆ ಆರಕ್ಕೆ ಎದ್ದು ಸೂಟ್‌ಕೇಸ್ ಮುಚ್ಚುವ ರಗಳೆ ಇರುತ್ತದಲ್ಲ, ಅದು ಇಲ್ಲಿಲ್ಲ. ಹೋಟೆಲೇ ರಾತ್ರಿ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ವೇಗದಲ್ಲಿ ನಡೆದು ಬೆಳಗ್ಗೆ ಇನ್ನೊಂದು ಊರಲ್ಲಿ ನಿಂತಿರುತ್ತದೆ. ಕಾಲುನೋವೆಂದು ಒಬ್ಬರು ಇಳಿಯದಿದ್ದರೆ ಉಳಿದವರ ತಿರುಗಾಟವೇನೂ ಕೆಡುವುದಿಲ್ಲ.

ಎಲ್ಲಿಗೆ ಹೋಗುವುದು? ಮೊದಲ ಸಲದವರಿಗೆ ಕರ್ನಾಟಕದಿಂದ ಸುಲಭವಾದವು ಮೂರು ದಾರಿ. ಒಂದು, ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ. 2021ರ ಸೆಪ್ಟೆಂಬರಿನಿಂದ ಕೊರ್ಡೆಲಿಯಾ ಕಂಪನಿಯ ಎಂಪ್ರೆಸ್ ಎಂಬ ಹಡಗು ಇಲ್ಲಿ ಓಡಾಡುತ್ತಿದೆ. ಕಟ್ಟಿದ್ದು 1990ರಲ್ಲಿ, ಮೊದಲು ಇದ್ದದ್ದು ರಾಯಲ್ ಕೆರಿಬಿಯನ್ ಕಂಪನಿಯಲ್ಲಿ. ದೇಶದೊಳಗಿನ ಯಾನವಾದರೆ ಪಾಸ್‌ಪೋರ್ಟ್ ಬೇಡ, ಸರಕಾರದ ಗುರುತಿನ ಚೀಟಿ ಸಾಕು. ಎರಡು ರಾತ್ರಿಯ ಸಣ್ಣ ಯಾನವೂ ಇರುವುದರಿಂದ ಹಡಗು ನಮಗೆ ಆಗುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಒಳ್ಳೆಯದು. ಲಕ್ಷದ್ವೀಪದಲ್ಲಿ ಹಡಗು ದೂರ ನಿಂತು ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಅಲೆ ಜೋರಿದ್ದರೆ ಅದು ರದ್ದಾಗುವುದುಂಟು. ಎರಡು, ಚಳಿಗಾಲದಲ್ಲಿ ದುಬೈಯಿಂದ. ಮೂರು, ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಮೂರು ನಾಲ್ಕು ರಾತ್ರಿ.

ನಾವು ಮೂರನೆಯದನ್ನು ಹಿಡಿದೆವು. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಅದಕ್ಕಿಂತ ಮುಖ್ಯವಾಗಿ, ಮಲಕ್ಕಾ ಜಲಸಂಧಿಯ ಒಂದು ಪಕ್ಕ ಸುಮಾತ್ರಾ, ಇನ್ನೊಂದು ಪಕ್ಕ ಮಲಯ ಪರ್ಯಾಯ ದ್ವೀಪ. ಎರಡು ಗೋಡೆಗಳ ನಡುವಿನ ನೀರಿನ ಹಾಗೆ ಸಾಮಾನ್ಯವಾಗಿ ಶಾಂತ. ನಮ್ಮ ಅರಬ್ಬೀ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗಿರುತ್ತದೆ ಎಂದು ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಹಡಗು ದೊಡ್ಡದಿದ್ದಷ್ಟೂ ಅಲುಗಾಟ ಕಡಿಮೆ ಎನ್ನುವುದು ನಿಜ. ಆದರೆ ಅದಕ್ಕೊಂದು ಮಗ್ಗುಲಿದೆ. ಜಾಹೀರಾತಿನಲ್ಲಿ ಲಕ್ಷ ಟನ್, ಒಂದೂವರೆ ಲಕ್ಷ ಟನ್ ಎಂದು ಬರೆದಿರುತ್ತಾರೆ. ಅದು ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಎಂಪ್ರೆಸ್ ಸುಮಾರು 48 ಸಾವಿರ. ಸಿಂಗಪುರದ ಜೆಂಟಿಂಗ್ ಡ್ರೀಮ್ ಸುಮಾರು ಒಂದೂವರೆ ಲಕ್ಷ. 2024ರಲ್ಲಿ ಮಯಾಮಿಯಿಂದ ಹೊರಟ ಐಕಾನ್ ಆಫ್ ದಿ ಸೀಸ್ ಎರಡೂವರೆ ಲಕ್ಷಕ್ಕೆ ತುಸು ಕಡಿಮೆ, ಉದ್ದ 365 ಮೀಟರ್. ಮುನ್ನೂರು ಮೀಟರಿನ ಹಡಗಿನಲ್ಲಿ ಊಟದ ಹಾಲ್ ಒಂದು ತುದಿಗೆ, ನಿಮ್ಮ ಕ್ಯಾಬಿನ್ ಇನ್ನೊಂದು ತುದಿಗೆ ಇದ್ದರೆ, ತಿಂಡಿ, ಊಟ, ಸಂಜೆಯ ಕಾರ್ಯಕ್ರಮ ಎಂದು ಓಡಾಡಿಯೇ ಅಮ್ಮನ ಮೊಣಕಾಲು ಕತೆ ಹೇಳುತ್ತದೆ. ಆದ್ದರಿಂದ ಕ್ಯಾಬಿನ್ ನಂಬರ್ ನೀವೇ ಆರಿಸಿ. 'ಯಾವುದಾದರೂ ಆಗಬಹುದು' ಎಂದರೆ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಆ ಆಸೆಗೆ ಬೀಳಬೇಡಿ. ಪ್ರತಿ ಹಡಗಿನ ಡೆಕ್ ನಕ್ಷೆ ಕಂಪನಿಯ ಜಾಲತಾಣದಲ್ಲಿರುತ್ತದೆ. ಲಿಫ್ಟಿನಿಂದ ನಾಲ್ಕೈದು ಬಾಗಿಲು ಆಚೆ, ಹಡಗಿನ ನಡುಭಾಗ, ಕೆಳಗಿನ ಡೆಕ್‌ಗಳು: ಇದು ಲೆಕ್ಕ. ಮಕ್ಕಳಾಡುವ ಏತದ ಹಲಗೆಯನ್ನು ನೆನಪಿಸಿಕೊಳ್ಳಿ. ತುದಿಯಲ್ಲಿ ಕೂತವರು ಏರಿ ಇಳಿಯುತ್ತಾರೆ, ನಡುವಿನಲ್ಲಿ ನಿಂತವರಿಗೆ ಅಲುಗಾಟ ಕಡಿಮೆ. ಮೇಲಿನ ಡೆಕ್‌ನಲ್ಲಿ ತೂಗುವುದೂ ಹೆಚ್ಚು, ಅದರ ನೆತ್ತಿಯ ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದೂ ಉಚಿತ.

ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ, ಕಿಟಕಿಯದು ಅದಕ್ಕಿಂತ ಮೇಲು, ಬಾಲ್ಕನಿಯದು ಇನ್ನೂ ದುಬಾರಿ. ಒಳಗಿನದು ಸಾಮಾನ್ಯವಾಗಿ 150ರಿಂದ 170 ಚದರಡಿ. ನಮ್ಮ ಹಳೇ ಮನೆಯ ಅಡುಗೆಕೋಣೆಯಷ್ಟು. ಮೂರನೆಯವರ, ನಾಲ್ಕನೆಯವರ ಹಾಸಿಗೆ ರೈಲಿನ ಬರ್ತಿನ ಹಾಗೆ ಗೋಡೆಯಿಂದಲೋ ಚಾವಣಿಯಿಂದಲೋ ಬಿಚ್ಚಿಕೊಳ್ಳುತ್ತದೆ. ನಾವು ಏಳು ಮಂದಿಗೆ ಹೀಗೆ ಹಂಚಿದೆವು: ಅಪ್ಪ ಅಮ್ಮನಿಗೆ ಬಾಲ್ಕನಿ, ಅಣ್ಣ ಅತ್ತಿಗೆ ಹುಡುಗ ಕಿಟಕಿಯ ಕ್ಯಾಬಿನ್‌ನಲ್ಲಿ, ನಾನೂ ಅಣ್ಣನ ಮಗಳೂ ಒಳಗೆ. ದುಡ್ಡು ಎಲ್ಲಿ ಹಾಕಬೇಕೆಂದರೆ ಕ್ಯಾಬಿನ್‌ನಲ್ಲಿ ಹೆಚ್ಚು ಹೊತ್ತು ಇರುವವರ ಮೇಲೆ. ಅಪ್ಪ ಬೆಳಗ್ಗೆ ಐದಕ್ಕೇ ಎದ್ದು ಬಾಲ್ಕನಿಯಲ್ಲಿ ಕೂರುತ್ತಿದ್ದರು. ನಾವಿಬ್ಬರು ನಮ್ಮ ಗುಹೆಯಲ್ಲಿ ಹಗಲೋ ರಾತ್ರಿಯೋ ತಿಳಿಯದೆ ಮಲಗಿರುತ್ತಿದ್ದೆವು.

ಇನ್ನು ದುಡ್ಡಿನ ವಿಷಯ. ಇಲ್ಲಿ ಸ್ವಲ್ಪ ಕಣ್ಣುಬಿಟ್ಟು ಕೂರಬೇಕು. ಜಾಹೀರಾತಿನ ದೊಡ್ಡಕ್ಷರದ ದರ ಒಂದು ಕ್ಯಾಬಿನ್‌ಗಲ್ಲ, ಒಬ್ಬರಿಗೆ. ಅದೂ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡರೆ. ಮೂರನೆಯ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಒಬ್ಬರೇ ಕ್ಯಾಬಿನ್ ಹಿಡಿದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ಕೊನೆಗೆ ಸೇವೆಯ ಭಕ್ಷೀಸು. ಇದು ನಾವು ಹೋಟೆಲಿನಲ್ಲಿ ಮನಸ್ಸಿಗೆ ಬಂದರೆ ಇಡುವ ಟಿಪ್ಸ್ ಅಲ್ಲ, ದಿನದ ಲೆಕ್ಕದಲ್ಲಿ ತಲೆಯ ಮೇಲೆ ಬೀಳುವಂಥದ್ದು, ಮಕ್ಕಳಿಗೂ ಉಂಟು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ದಿನಕ್ಕೆ ಸುಮಾರು 16ರಿಂದ 20 ಡಾಲರ್. 18 ಎಂದು ಹಿಡಿಯಿರಿ: ಏಳು ಮಂದಿ, ನಾಲ್ಕು ರಾತ್ರಿ, 504 ಡಾಲರ್. ಅಣ್ಣ ಈ ಲೆಕ್ಕ ಕಂಡು, "ಎಂತ ಮಾರಾಯ್ತಿ, ಇಷ್ಟರಲ್ಲಿ ಇನ್ನೊಬ್ಬರು ಬರಬಹುದಿತ್ತಲ್ಲ" ಎಂದ. ಅದಕ್ಕೇ ದರ ಕೇಳುವಾಗ 'ಭಕ್ಷೀಸು ಸೇರಿಸಿಯಾ?' ಎಂದು ಮೊದಲು ಕೇಳಿ.

ದರದೊಳಗೆ ಬರುವುದು ಕ್ಯಾಬಿನ್, ಬಫೆ ಮತ್ತು ಮುಖ್ಯ ಊಟದ ಹಾಲ್, ನಾಟಕ ಸಂಗೀತ, ಈಜುಕೊಳ, ಮಕ್ಕಳ ಕ್ಲಬ್. ಹೊರಗಿನದು ಮದ್ಯ, ತಂಪುಪಾನೀಯ, ವಿಶೇಷ ರೆಸ್ಟೋರೆಂಟ್, ವೈಫೈ, ಸ್ಪಾ, ಫೋಟೋ, ದಡದ ಪ್ರವಾಸ. ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಕೈಗೆ ಕೊಡುವ ಕಾರ್ಡೇ ಬಾಗಿಲ ಕೀಲಿ, ಅದೇ ಗುರುತಿನ ಚೀಟಿ, ಅದೇ ಸಾಲದ ಪುಸ್ತಕ. ಮಕ್ಕಳ ಕಾರ್ಡಿನಲ್ಲಿ ಖರೀದಿ ಬಂದ್ ಮಾಡಿಸಿ. ಸ್ವಾಗತದ ಕೌಂಟರಿನಲ್ಲಿ ಎರಡು ನಿಮಿಷದ ಕೆಲಸ. ಎಂಟರ ಹುಡುಗನಿಗೆ ಕಾರ್ಡ್ ತೋರಿಸಿದರೆ ಐಸ್‌ಕ್ರೀಂ ಬರುತ್ತದೆ ಎಂದು ತಿಳಿಯಲು ಅರ್ಧ ದಿನವೂ ಬೇಕಾಗಿಲ್ಲ. ಏಜೆಂಟರಿಂದ ವಿದೇಶದ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಎಂದು ಒಂದಷ್ಟು ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಯಾರ ಪ್ಯಾನ್ ಕೊಟ್ಟಿರೋ ಅವರ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ರಿಟರ್ನ್ ಸಲ್ಲಿಸುವವರ ಪ್ಯಾನ್ ಕೊಡಿ.

ಕಾಗದಪತ್ರದಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ನಮ್ಮಮ್ಮನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು, ಉಪನಾಮದ ಜಾಗ ಖಾಲಿ. ಅಪ್ಪನದ್ದರಲ್ಲಿ ಇನಿಶಿಯಲ್ ಬಿಡಿಸಿದ ಊರು, ತಂದೆಯ ಹೆಸರು ಎಲ್ಲ ಸೇರಿ ಸಾಲು ತುಂಬಿದೆ. ಬುಕಿಂಗ್, ವಿಮಾನದ ಟಿಕೆಟ್, ವೀಸಾ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರಿರಬೇಕು. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ನಿಯಮ ತಂದಾಗ ದಕ್ಷಿಣ ಭಾರತದವರಿಗೇ ಹೆಚ್ಚು ಬಿಸಿ ತಟ್ಟಿತು. ನಾವು ದುಬೈ ಬಿಟ್ಟದ್ದಕ್ಕೆ ಅದೂ ಒಂದು ಕಾರಣ.

ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು. ಹಡಗು ಹತ್ತಿದ ಕೂಡಲೇ ನೀವು ಆ ದೇಶ ಬಿಟ್ಟ ಲೆಕ್ಕ, ವಾಪಸು ಬಂದಾಗ ಎರಡನೇ ಪ್ರವೇಶ. ಹಾಗಾಗಿ ವೀಸಾದ ಮೇಲೆ ಬಹುಪ್ರವೇಶ ಎಂದಿದೆಯೇ ಎಂದು ಕಣ್ಣಾರೆ ನೋಡಿ. ಎರಡು ಸಲವೂ ಆಗಮನದ ಇ-ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರಕಾರದ್ದಲ್ಲ. ನಡುವೆ ನಿಲ್ಲುವ ದೇಶಗಳ ನಿಯಮ ಆಗಾಗ ಬದಲಾಗುತ್ತದೆ, ದುಡ್ಡು ಕಟ್ಟುವ ಮೊದಲು ಒಮ್ಮೆ, ಹೊರಡುವ ತಿಂಗಳಲ್ಲಿ ಇನ್ನೊಮ್ಮೆ ನೋಡಿ. 'ನಾನು ದಡಕ್ಕೆ ಇಳಿಯುವುದೇ ಇಲ್ಲ' ಎಂದರೂ ವೀಸಾ ಇಲ್ಲದವರನ್ನು ಹಡಗಿಗೇ ಹತ್ತಿಸದಿರಬಹುದು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಹೆಚ್ಚಿನ ಕಂಪನಿಗಳು ಆರು ತಿಂಗಳೊಳಗಿನ ಕೂಸನ್ನೂ, ಯಾನದ ನಡುವೆ 24ನೇ ವಾರಕ್ಕೆ ಕಾಲಿಡುವ ಬಸುರಿಯನ್ನೂ ಹತ್ತಿಸುವುದಿಲ್ಲ. ಕುಟುಂಬದಲ್ಲಿ ಸಿಹಿ ಸುದ್ದಿ ಇದ್ದರೆ ಮೊದಲೇ ಬಾಯಿಬಿಡುವುದು ಲೇಸು.

ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಸಾಹಸ ಬೇಡ. ಒಂದು ದಿನ ಮೊದಲೇ ಆ ಊರಲ್ಲಿರಿ. ವಿಮಾನ ತಡವಾದರೆ ಮುಂದಿನದು ಸಿಗುತ್ತದೆ, ಹಡಗಿಗೆ ಮುಂದಿನದು ಎಂಬುದಿಲ್ಲ.

ಪೆಟ್ಟಿಗೆ ಕಟ್ಟುವಾಗ ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಪುಟ್ಟ ರೈಸ್ ಕುಕ್ಕರ್ ಬಿಟ್ಟುಹೋಗಿ. ಬೆಂಕಿಯ ಭಯಕ್ಕೆ ಹಡಗಿನವರು ಇಟ್ಟುಕೊಂಡು ಕೊನೆಯ ದಿನ ವಾಪಸು ಕೊಡುತ್ತಾರೆ. ಊದುಬತ್ತಿ, ದೀಪವೂ ನಡೆಯುವುದಿಲ್ಲ. ಅಮ್ಮನ ದೇವರ ಪೂಜೆ ನಾಲ್ಕು ದಿನ ಕೈಮುಗಿಯುವುದರಲ್ಲೇ ಮುಗಿಯಿತು. ಮನೆಯಲ್ಲಿ ಮಾಡಿದ ತಿಂಡಿಗೂ ಸಾಮಾನ್ಯವಾಗಿ ಪ್ರವೇಶವಿಲ್ಲ, ಕಂಪನಿ ಸೀಲಿನ ಪ್ಯಾಕೆಟ್ ಆದರೆ ಬಿಡುತ್ತಾರೆ. ಅತ್ತಿಗೆ ರಾತ್ರಿ ಹನ್ನೊಂದರವರೆಗೆ ಕರಿದ ಎರಡು ಡಬ್ಬಿ ಚಕ್ಕುಲಿ ಸಿಂಗಪುರದ ಹೋಟೆಲಿನಲ್ಲೇ ಖರ್ಚಾಗಬೇಕಾಯಿತು. ಯಾರೂ ದುಃಖಪಡಲಿಲ್ಲ ಎನ್ನುವುದು ಬೇರೆ ಮಾತು. ಇನ್ನೊಂದು ವಿಷಯ, ಹೇಳಲು ಸಂಕೋಚ, ಹೇಳದಿದ್ದರೆ ಬೈಗುಳ: ವಿದೇಶಿ ಹಡಗಿನ ಪಾಯಿಖಾನೆಯಲ್ಲಿ ಸಾಮಾನ್ಯವಾಗಿ ನೀರಿನ ಜೆಟ್ ಇರುವುದಿಲ್ಲ. ಸೂಟ್‌ಕೇಸಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಮಗ್ ಇಡಿ.

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಕೊಟ್ಟುಬಿಟ್ಟರೆ ಅವು ಸಂಜೆಯೊಳಗೆ ಕ್ಯಾಬಿನ್ ಬಾಗಿಲಿಗೆ ಬರುತ್ತವೆ. ಸಂಜೆಯವರೆಗೆ ಬರದಿರಬಹುದು ಎನ್ನುವುದನ್ನೂ ನೆನಪಿಡಿ. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಪಾಸ್‌ಪೋರ್ಟ್, ಮಕ್ಕಳ ಈಜುಡುಗೆ, ಒಂದು ಜತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಹತ್ತಿದ ಮೇಲೆ ಮೊದಲ ಕೆಲಸ ಅಪಾಯದ ಅಭ್ಯಾಸ. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸೀಟಿ ಊದಿದರೆ ನಿಮ್ಮ ಕಾರ್ಡಿನಲ್ಲಿ ಬರೆದ ಜಾಗಕ್ಕೆ ಹೋಗಬೇಕು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತರು. ಆ ದಿನ ಹತ್ತಿದ್ದ ನೂರಾರು ಜನರಿಗೆ ಅಭ್ಯಾಸವೇ ಆಗಿರಲಿಲ್ಲ, ಆಗಿನ ನಿಯಮ ಹತ್ತಿದ 24 ಗಂಟೆಯೊಳಗೆ ಎಂದಿತ್ತು. ಈಗ ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಆಗಲೇಬೇಕು. ಕೆಲವು ಹಡಗುಗಳಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ, ಆ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿದರೆ ಆಯಿತು. ವಯಸ್ಸಾದವರನ್ನು ನಡೆಸಿಕೊಂಡೇ ಹೋಗಿ. ದಾರಿ ಕಾಲಿಗೆ ಗೊತ್ತಿರಬೇಕು.

ಊಟದ ಬಗ್ಗೆ ಎಲ್ಲರಿಗಿಂತ ಹೆಚ್ಚು ಚಿಂತೆಯಿದ್ದದ್ದು ಅಮ್ಮನಿಗೆ, ಮೊಟ್ಟೆಯನ್ನೂ ಮುಟ್ಟದವರು. ಸಿಂಗಪುರದ ಹಡಗುಗಳಲ್ಲಿ ಭಾರತೀಯರು ತುಂಬ ಇರುವುದರಿಂದ ದಾಲು, ಪಲ್ಯ, ಚಪಾತಿಗೆ ಬರವಿಲ್ಲ. ಜೈನ ಊಟ ಬೇಕಾದರೆ ಬುಕಿಂಗ್ ಮಾಡುವಾಗಲೇ ಬರೆಸಬೇಕು. ಊಟದ ಹಾಲಿನ ಮುಖ್ಯಸ್ಥರಿಗೆ ಮೊದಲ ರಾತ್ರಿಯೇ ಹೇಳಿದರೆ ಮರುದಿನಕ್ಕೆ ಬೇರೆಯೇ ಮಾಡಿಸುತ್ತಾರೆ. ಆದರೆ ಬೆಳಗ್ಗೆ ಅಮ್ಮ ಇಡ್ಲಿಯ ಕಡೆಗೆ ನೋಡಲಿಲ್ಲ. ಬಫೆಯ ಚೀನೀ ಸಾಲಿನಲ್ಲಿ ಒಂದು ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡಿ, "ಇದು ಗಂಜಿ ಅಲ್ವಾ!" ಎಂದರು. ಹೌದು, ಅಕ್ಕಿ ಗಂಜಿಯೇ. ಪಕ್ಕದ ಪಾತ್ರೆಯಲ್ಲಿ ಕೋಳಿ ಹಾಕಿದ್ದು, ಇದು ಸಾದಾ. ಬಡಿಸುವವನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆವು. ಸೀಲ್ ಪ್ಯಾಕೆಟಿನ ಮಿಡಿ ಉಪ್ಪಿನಕಾಯಿ ನನ್ನ ಚೀಲದಲ್ಲಿತ್ತು. ಕುಚ್ಚಲಕ್ಕಿಯದಲ್ಲ ಎಂಬ ಒಂದೇ ಕೊರತೆಯಲ್ಲಿ ಅಮ್ಮನ ನಾಲ್ಕೂ ಬೆಳಗು ಕಳೆದವು.

ಹಗಲಿಡೀ ಏಳೂ ಮಂದಿ ಒಟ್ಟಿಗಿರಬೇಕು ಎಂಬ ಹಟ ಬೇಡ. ಹುಡುಗ ಮಕ್ಕಳ ಕ್ಲಬ್‌ನಲ್ಲಿ, ಹುಡುಗಿ ಎಲ್ಲೋ, ಅಣ್ಣ ನಿದ್ದೆಯಲ್ಲಿ. ರಾತ್ರಿಯೂಟಕ್ಕೆ ಮಾತ್ರ ಒಂದೇ ಮೇಜು. ಆ ಮೇಜಿಗಾಗಿ ಬುಕಿಂಗ್ ಸಮಯದಲ್ಲೇ ಮೂರೂ ಕ್ಯಾಬಿನ್‌ಗಳನ್ನು ಜೋಡಿಸಿಡಲು ಹೇಳಬೇಕು, ಇಲ್ಲವಾದರೆ ಬೇರೆ ಬೇರೆ ಹೊತ್ತು ಸಿಕ್ಕೀತು.

ಸಮುದ್ರದ ಪಿತ್ತಕ್ಕೆ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲಲ್ಲ, ಮೊದಲೇ ನುಂಗಬೇಕು. ಬೇರೆ ಮಾತ್ರೆಗಳಿರುವ ಹಿರಿಯರು ಊರಿನ ಡಾಕ್ಟರನ್ನು ಕೇಳಿಕೊಂಡು ಬರಬೇಕು. ಡೆಕ್ಕಿಗೆ ಬಂದು ದಿಗಂತ ನೋಡಿದರೆ ಕಣ್ಣಿಗೂ ಕಿವಿಗೂ ಜಗಳ ಕಡಿಮೆಯಾಗುತ್ತದೆ. ಹಡಗಿನಲ್ಲಿ ಡಾಕ್ಟರಿರುತ್ತಾರೆ, ಫೀಸು ಡಾಲರಿನಲ್ಲಿ. ನಮ್ಮ ಊರಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ಕೆಲಸಕ್ಕೆ ಬಾರದು. ಹಿರಿಯರಿಗೆ, ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆದು, ಪ್ರಯಾಣ ವಿಮೆ ಮಾಡಿಸಿ. ಮೊಬೈಲನ್ನು ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಗಡಲಿನಲ್ಲಿ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ಲು ಊರಿಗೆ ಬಂದ ಮೇಲೂ ಪಿತ್ತ ಕೆದಕುತ್ತದೆ.

ದಡಕ್ಕೆ ಇಳಿಯುವ ದಿನ ಎರಡು ದಾರಿ. ಹಡಗಿನವರೇ ಮಾಡಿಸುವ ಪ್ರವಾಸ ದುಬಾರಿ, ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಟ್ಯಾಕ್ಸಿ ಹಿಡಿದರೆ ಅಗ್ಗ, ತಡವಾದರೆ ಹಡಗು ಹೊರಟುಬಿಡುತ್ತದೆ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಬೇಕು. ಪೆನಾಂಗಿನಲ್ಲಿ ಹಡಗು ಜಾರ್ಜ್‌ಟೌನಿನ ಪಕ್ಕದಲ್ಲೇ ಕಟ್ಟುತ್ತದೆ, ನಡೆದೇ ಹೋಗಬಹುದು. ಅಲ್ಲಿ ಟ್ಯಾಕ್ಸಿಯೇ ಸಾಕು. ಫುಕೆಟ್‌ನಲ್ಲಿ ನಮ್ಮ ಹಡಗು ಪಟಾಂಗ್ ಎದುರು ಲಂಗರು ಹಾಕಿ ಜನರನ್ನು ದೋಣಿಗೆ ಇಳಿಸಿತು. ಅಲುಗುವ ದೋಣಿಗೆ ಕಾಲಿಡುವುದು ಮೊಣಕಾಲು ನೋವಿನವರಿಗೆ ಹೇಳಿದ್ದಲ್ಲ, ಗಾಲಿಕುರ್ಚಿಯವರನ್ನಂತೂ ಎಷ್ಟೋ ಸಲ ಬಿಡುವುದೇ ಇಲ್ಲ. ಯಾವ ಬಂದರಿನಲ್ಲಿ ಕಟ್ಟುತ್ತಾರೆ, ಎಲ್ಲಿ ದೋಣಿ ಎಂದು ಬುಕಿಂಗ್‌ಗೆ ಮೊದಲು ಕೇಳಿದರೆ ತಿಳಿಯುತ್ತದೆ. ಅಮ್ಮ ಅಂದು ಹಡಗಿನಲ್ಲೇ ಉಳಿದರು. ಮೂರು ಸಾವಿರ ಜನರಲ್ಲಿ ಹೆಚ್ಚಿನವರು ಇಳಿದುಹೋದ ಮೇಲೆ ಕೊಳದ ಬದಿಯ ಕುರ್ಚಿಗಳೆಲ್ಲ ಖಾಲಿ. ಸೀರೆ ತುಸು ಎತ್ತಿಕೊಂಡು ಬೆಚ್ಚನೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರಂತೆ, ಯಾರೋ ಎರಡು ಸಲ ಚಹಾ ತಂದುಕೊಟ್ಟರಂತೆ.

ಫುಕೆಟ್‌ನದು ಸಿಂಗಪುರಕ್ಕಿಂತ ಒಂದು ಗಂಟೆ ಹಿಂದಿನ ಸಮಯ. ಹಡಗು ಯಾವ ಗಡಿಯಾರ ಪಾಲಿಸುತ್ತದೋ ಅದೇ ಕಾನೂನು. ದಡಕ್ಕೆ ಹೋದ ಅಣ್ಣನ ಮೊಬೈಲ್ ಅಲ್ಲಿನ ನೆಟ್‌ವರ್ಕ್ ಹಿಡಿದು ತಾನಾಗಿಯೇ ಗಂಟೆ ಬದಲಿಸಿತು, ನಮ್ಮ ಹಡಗು ಬದಲಿಸಿರಲಿಲ್ಲ. "ಇನ್ನೂ ಎರಡು ಗಂಟೆ ಉಂಟು" ಎಂದು ಅವನು ಎಳನೀರಿಗೆ ಕೂತ. ಅಪ್ಪ ತಮ್ಮ ಕೀಲಿ ಕೊಡುವ ಎಚ್‌ಎಂಟಿ ವಾಚು ನೋಡಿ, "ಒಂದೇ" ಎಂದರು. ಅವರು ಹತ್ತಿದ ದಿನ ಊಟದ ಹಾಲಿನ ಗಡಿಯಾರಕ್ಕೆ ಹೊಂದಿಸಿದ್ದು, ಆಮೇಲೆ ಮುಟ್ಟಿರಲಿಲ್ಲ. ಸರಿಯಾಗಿದ್ದದ್ದು ಅದೇ.

ಕೊನೆಯ ರಾತ್ರಿ ಮಲಗುವ ಮುಂಚೆ ಪೆಟ್ಟಿಗೆಗಳನ್ನು ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗಿಡಬೇಕು. ರಾತ್ರೋರಾತ್ರಿ ಅವು ಕೆಳಗೆ ಹೋಗಿ, ಬೆಳಗ್ಗೆ ನಿಮಗೆ ಸಿಗುವುದು ಇಳಿದ ಮೇಲೆ ಬಂದರಿನಲ್ಲೇ. ಭಾರ ಹೊರಬಲ್ಲವರು ತಾವೇ ಎಳೆದುಕೊಂಡು ಬೇಗ ಇಳಿಯಬಹುದು, ಹಿರಿಯರಿದ್ದರೆ ಹೊರಗಿಡುವುದೇ ಸರಿ. ಮರುದಿನದ ಬಟ್ಟೆ, ಪಾಸ್‌ಪೋರ್ಟ್, ಮಾತ್ರೆ ಒಳಗೆ ಉಳಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳಿದ್ದೆ. ಅಪ್ಪ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರು, ಮಾತ್ರೆಯನ್ನೂ. ಪ್ಯಾಂಟುಗಳನ್ನು ನಾಲ್ಕೂ ನೀಟಾಗಿ ಮಡಚಿ ಪೆಟ್ಟಿಗೆಗೆ ಹಾಕಿ, ರಾತ್ರಿ ಹತ್ತಕ್ಕೇ ಹೊರಗಿಟ್ಟು ಮಲಗಿದ್ದರು. ಬೆಳಗ್ಗೆ ಸಿಂಗಪುರದ ಇಮಿಗ್ರೇಷನ್ ಸಾಲಿನಲ್ಲಿ ಬಿಳಿ ಮುಂಡು, ಪೂರ್ತಿ ತೋಳಿನ ಶರ್ಟು, ಕೈಯಲ್ಲಿ ಎಚ್‌ಎಂಟಿ. ನಮ್ಮ ಸರದಿಗೆ ಇನ್ನೆಷ್ಟು ಹೊತ್ತು ಎಂದು ನೋಡುತ್ತ ಎಲ್ಲರಿಗಿಂತ ಮುಂದೆ ಅವರೇ ನಿಂತಿದ್ದರು.